ಕಾಲದ ಮೇಲೆ ತಪ್ಪು ಹೊರಿಸದ ಕಾದಂಬರಿಕಾರ

ಐತಿಹಾಸಿಕ ಕಾದಂಬರಿ ಎಂದರೆ ನಮ್ಮ ಕಣ್ಣಮುಂದೆ ಬರುವುದು ಕೋಟೆ, ಮುತ್ತಿಗೆ, ದಳವಾಯಿ, ಪಟ್ಟದ ರಾಣಿ. ಇಟಲಿಯವರು ತಮ್ಮ ಭಾಷೆಯ ಅತಿ ದೊಡ್ಡ ಐತಿಹಾಸಿಕ ಕಾದಂಬರಿ ಎಂದು ಒಪ್ಪಿಕೊಂಡಿರುವ ಪುಸ್ತಕದ ನಾಯಕನಾದರೋ ರೇಷ್ಮೆ ನೂಲಿಗೆ ಹುರಿ ಹಾಕುವ ಹುಡುಗ. ನಾಯಕಿ ಗೂಡು ಬೇಯಿಸಿ ನೂಲು ಬಿಚ್ಚುವ ಕಡೆಗೆ ಕೂಲಿಗೆ ಹೋಗುವವಳು. ಅಲೆಸ್ಸಾಂದ್ರೊ ಮಾಂಜೋನಿ ಬರೆದ ಈ ಕಾದಂಬರಿಯ ಹೆಸರು ‘ಇ ಪ್ರೊಮೆಸ್ಸಿ ಸ್ಪೋಸಿ’, ಅಂದರೆ ಮದುವೆ ಗೊತ್ತಾದ ಜೋಡಿ. ಕನಕಪುರ, ರಾಮನಗರದ ಸೀಮೆಯಲ್ಲಿ ಹಿಪ್ಪುನೇರಳೆ ತೋಟ, ಚಾಕಿ ಮನೆ, ಗೂಡಿನ ಮಾರುಕಟ್ಟೆ ಸುತ್ತಿಕೊಂಡು ಸರ್ಕಾರಿ ನೌಕರಿ ಮುಗಿಸಿದವನು ನಾನು, ಸಾಹಿತ್ಯದ ಮೇಷ್ಟ್ರಲ್ಲ. ನಿವೃತ್ತಿಯಾದ ಮೇಲೆ ಇಂಗ್ಲಿಷ್ ಅನುವಾದದಲ್ಲಿ ಇದನ್ನು ಓದತೊಡಗಿದ್ದು ರೇಷ್ಮೆಯ ಆಸೆಗೆ. ಓದಿ ಮುಗಿಸುವ ಹೊತ್ತಿಗೆ ನನ್ನನ್ನು ಹಿಡಿದು ಕೂರಿಸಿದ್ದು ಬೇರೆಯೇ ವಿಷಯ: ಹಿಂದೆ ನಡೆದ ಅನ್ಯಾಯಕ್ಕೆ ಉತ್ತರ ಕೊಡಬೇಕಾದವರು ಯಾರು?

ಕಥೆ ಶುರುವಾಗುವುದು 1628ರ ನವೆಂಬರ್ 7ರ ಸಂಜೆ, ಕೋಮೊ ಸರೋವರದ ಕವಲಿನ ದಂಡೆಯಲ್ಲಿರುವ ಲೆಕ್ಕೊ ಪಟ್ಟಣದ ಹತ್ತಿರದ ಒಂದು ಹಳ್ಳಿಯಲ್ಲಿ. ಮರುದಿನ ರೆಂಜೊ, ಲೂಚಿಯಾ ಇಬ್ಬರಿಗೂ ಮದುವೆ. ದಾರಿಯಲ್ಲಿ ಪಾದ್ರಿ ದೋನ್ ಅಬ್ಬೊಂದಿಯೊನನ್ನು ಇಬ್ಬರು ಪುಂಡರು ಅಡ್ಡಗಟ್ಟಿ, ಈ ಮದುವೆ ನಾಳೆಯೂ ಆಗಕೂಡದು, ಎಂದೆಂದಿಗೂ ಆಗಕೂಡದು ಎಂದು ಬೆದರಿಸುತ್ತಾರೆ. ಅವರನ್ನು ಕಳಿಸಿದವನು ಊರಿನ ಮೇಲಿನ ಗುಡ್ಡದಲ್ಲಿ ಕೋಟೆಮನೆ ಕಟ್ಟಿಕೊಂಡಿರುವ ದೋನ್ ರೊದ್ರಿಗೊ. ಕಾರಣ ತಿಳಿಯುವುದು ಲೂಚಿಯಾಳ ಬಾಯಿಂದ. ಒಂದು ದಿನ ಅವಳು ನೂಲು ಬಿಚ್ಚುವ ಕೆಲಸದಿಂದ ಮನೆಗೆ ಬರುತ್ತ ಜೊತೆಯವರಿಂದ ಸ್ವಲ್ಪ ಹಿಂದುಳಿದಾಗ ಈ ಧಣಿ ಮಾತಾಡಿಸಲು ಬಂದಿದ್ದ. ಅವಳ ವಿಷಯದಲ್ಲಿ ತನ್ನ ಜೊತೆಗಾರನೊಡನೆ ಪಣ ಕಟ್ಟಿದ್ದ. ಮರುದಿನವೂ ದಾರಿಯಲ್ಲಿ ನಿಂತಿದ್ದ. ಪುಣ್ಯಕ್ಕೆ ಆ ವರ್ಷದ ಬಿಚ್ಚಾಣಿಕೆ ಅಂದೇ ಮುಗಿಯಿತು, ಅವಳು ಮನೆಯಲ್ಲಿ ಉಳಿದಳು. ನಾನು ಈ ಜಾಗದಲ್ಲಿ ಪುಸ್ತಕ ಮುಚ್ಚಿ ಸುಮ್ಮನೆ ಕೂತೆ. ಗೂಡಿನ ಸುಗ್ಗಿ ಮುಗಿಯುವುದಕ್ಕೂ ಒಬ್ಬ ಹುಡುಗಿಯ ಮಾನ ಉಳಿಯುವುದಕ್ಕೂ ಇರುವ ಸಂಬಂಧ ಆ ಕಸುಬಿನ ಊರುಗಳನ್ನು ಬಲ್ಲವನಿಗೆ ಮಾತ್ರ ಹೊಳೆಯುವಂಥದ್ದು.

ರೆಂಜೊನ ಪರಿಚಯದಲ್ಲೂ ಹೀಗೇ. ಹುರಿ ಹಾಕುವುದು ಅವನ ವಂಶದ ಕಸುಬು. ಹಿಂದೆ ಲಾಭವಿತ್ತು, ಈಗ ಇಳಿಮುಖ. ದಿನದಿನಕ್ಕೆ ಕೆಲಸ ಕಡಿಮೆಯಾಗುತ್ತಿದೆ. ಆದರೆ ಹೆಚ್ಚು ಕೂಲಿ, ರಿಯಾಯಿತಿಗಳ ಆಸೆಗೆ ಕೆಲಸಗಾರರು ನೆರೆರಾಜ್ಯಕ್ಕೆ ಹೋಗುತ್ತಿರುವುದರಿಂದ ಉಳಿದವರ ಹೊಟ್ಟೆಗೆ ತೊಂದರೆಯಿಲ್ಲ. ಲೆಕ್ಕೊ ಆಗ ಸ್ಪೇನಿನ ಕೈಕೆಳಗಿದ್ದ ಮಿಲಾನಿಗೆ ಸೇರಿದ್ದು. ಪಕ್ಕದ ಬೆರ್ಗಮೊ ವೆನಿಸ್ ಗಣರಾಜ್ಯಕ್ಕೆ. ಗಡಿ ದಾಟಿದರೆ ಕಾನೂನೂ ಬೇರೆ, ಕೂಲಿಯೂ ಬೇರೆ. ರೆಂಜೊನ ಬಂಧು ಬೊರ್ತೊಲೊ ಆಗಲೇ ಅಲ್ಲಿ ನೆಲೆ ನಿಂತಿದ್ದಾನೆ. ಕಾದಂಬರಿ ಮುಗಿಯುವಾಗ ಇವರಿಬ್ಬರೂ ಸೇರಿ ಬೆರ್ಗಮೊ ಊರಬಾಗಿಲ ಹತ್ತಿರ ಒಂದು ಹುರಿ ಗಿರಣಿಯನ್ನೇ ಕೊಳ್ಳುತ್ತಾರೆ. ಅದರ ಯಜಮಾನ ಪ್ಲೇಗಿಗೆ ಸತ್ತಿರುತ್ತಾನೆ. ಹೊರಗಿನಿಂದ ಬಂದು ನೆಲೆಸುವವರಿಗೆ ಹತ್ತು ವರ್ಷ ತೆರಿಗೆಯಿಲ್ಲ ಎಂದು ವೆನಿಸ್ ಸಾರಿರುತ್ತದೆ.

ಇಷ್ಟು ಕರಾರುವಾಕ್ಕಾಗಿ ಬರೆದವನು ಯಾರು? ಹುಟ್ಟಿನಿಂದ ಜಮೀನ್ದಾರ. 1785ರ ಮಾರ್ಚ್ 7ರಂದು ಮಿಲಾನಿನಲ್ಲಿ ಹುಟ್ಟಿದ. ತಾಯಿ ಜೂಲಿಯಾ. ಅವಳ ತಂದೆ ಚೆಸಾರೆ ಬೆಕ್ಕಾರಿಯಾ, 1764ರಲ್ಲಿ ‘ಅಪರಾಧ ಮತ್ತು ಶಿಕ್ಷೆ’ಯ ಬಗ್ಗೆ ಪುಸ್ತಕ ಬರೆದು ಚಿತ್ರಹಿಂಸೆಯನ್ನೂ ಮರಣದಂಡನೆಯನ್ನೂ ವಿರೋಧಿಸಿ ಯೂರೋಪಿಗೆಲ್ಲ ಹೆಸರಾದವನು. ದಾಖಲೆಯಲ್ಲಿ ತಂದೆ ಪಿಯೆತ್ರೊ ಮಾಂಜೋನಿ, ಲೆಕ್ಕೊ ಕಡೆಯ ಸಿರಿವಂತ, ವಯಸ್ಸಾದವನು. ನಿಜವಾದ ತಂದೆ ಜೊವಾನ್ನಿ ವೆರ್ರಿ ಎಂಬುದು ಆಗಲೂ ಊರಮಾತು, ಈಗಲೂ ವಿದ್ವಾಂಸರ ನಂಬಿಕೆ. ಈ ವೆರ್ರಿಯ ಅಣ್ಣ ಪಿಯೆತ್ರೊ ವೆರ್ರಿಯೂ ಚಿತ್ರಹಿಂಸೆಯ ವಿರುದ್ಧ ಬರೆದವನೇ. ತಾತ, ದೊಡ್ಡಪ್ಪ ಇಬ್ಬರೂ ಹಿಡಿದ ಒಂದೇ ವಿಷಯ ಮುಂದೆ ಈ ಮಗುವಿನ ಪಾಲಿಗೂ ಬರಲಿತ್ತು.

1792ರಲ್ಲಿ ತಂದೆತಾಯಿ ಬೇರೆಯಾದರು. ಜೂಲಿಯಾ ಕಾರ್ಲೊ ಇಂಬೊನಾತಿಯ ಜೊತೆ ಪ್ಯಾರಿಸ್ಸಿಗೆ ಹೋದಳು. ಹುಡುಗ ಬೆಳೆದದ್ದು ಪಾದ್ರಿಗಳ ವಸತಿ ಶಾಲೆಗಳಲ್ಲಿ. 1805ರಲ್ಲಿ ಇಂಬೊನಾತಿ ತೀರಿಕೊಂಡು, ಮಿಲಾನಿನ ಉತ್ತರಕ್ಕಿರುವ ಬ್ರುಸೂಲ್ಯೊದ ಮನೆ, ಜಮೀನು ಅವಳ ಪಾಲಿಗೆ ಬಂದವು. ಆಗ ಇಪ್ಪತ್ತರ ಮಗ ತಾಯಿಯನ್ನು ಹುಡುಕಿಕೊಂಡು ಪ್ಯಾರಿಸ್ಸಿಗೆ ಹೋದ. ಅಲ್ಲಿಂದಾಚೆಗೆ 1841ರಲ್ಲಿ ಅವಳು ಸಾಯುವವರೆಗೂ ಇಬ್ಬರೂ ಒಟ್ಟಿಗೇ ಬಾಳಿದರು. 1808ರಲ್ಲಿ ಜಿನೀವಾ ಮೂಲದ ಕುಟುಂಬದ, ಕ್ಯಾಲ್ವಿನ್ ಪಂಥದ ಎನ್ರಿಕೆತ್ತಾ ಬ್ಲೊಂಡೆಲ್ ಜೊತೆ ಅವನ ಮದುವೆಯಾಯಿತು. 1810ರಲ್ಲಿ ಗಂಡಹೆಂಡಿರಿಬ್ಬರೂ ಕ್ಯಾಥೊಲಿಕ್ ನಂಬಿಕೆಗೆ ಬಂದರು. ನೆಪೋಲಿಯನ್ನನ ಮದುವೆಯ ಸಂಭ್ರಮದ ದಿನ ಪ್ಯಾರಿಸ್ಸಿನ ನೂಕುನುಗ್ಗಲಲ್ಲಿ ಹೆಂಡತಿ ಕೈತಪ್ಪಿ, ದಿಕ್ಕೆಟ್ಟು ಇಗರ್ಜಿಯೊಂದಕ್ಕೆ ನುಗ್ಗಿದವನು ನಂಬುವವನಾಗಿ ಹೊರಬಂದ ಎಂಬ ಕಥೆ ಅವನ ಸುತ್ತ ಬೆಳೆದಿದೆ. ಅದು ಹೇಗೇ ಇರಲಿ, ಗುಂಪಿನ ಭಯ ಮಾತ್ರ ಅವನನ್ನು ಬಿಡಲಿಲ್ಲ. ಬಯಲು, ಜನಜಂಗುಳಿ ಎಂದರೆ ತಲೆಸುತ್ತು. ಮನೆಯಿಂದ ಒಬ್ಬನೇ ಹೊರಡುವಂತಿರಲಿಲ್ಲ. ಸಭೆಯಲ್ಲಿ ಮಾತು ತಡವರಿಸುತ್ತಿತ್ತು. ಮಿಲಾನಿನ ಬೀದಿಯಲ್ಲಿ ದಂಗೆಯೆದ್ದ ಜನಸಾಗರವನ್ನು ಅಷ್ಟು ಕಣ್ಣಿಗೆ ಕಟ್ಟುವಂತೆ ಬರೆದ ಕೈ ಇದೇ.

ಬ್ರುಸೂಲ್ಯೊದಲ್ಲಿ ಅವನು ಹಿಪ್ಪುನೇರಳೆ ನೆಟ್ಟ, ಹತ್ತಿ ಬೆಳೆದು ನೋಡಿದ, ಪರದೇಶದ ಬೀಜಗಳಿಗಾಗಿ ಪ್ಯಾರಿಸ್ಸಿನ ಗೆಳೆಯ ಫೊರಿಯೆಲ್‌ಗೆ ಕಾಗದ ಬರೆದ. ಕಾದಂಬರಿ ಶುರು ಮಾಡಿದ್ದೂ ಅಲ್ಲೇ, 1821ರ ಏಪ್ರಿಲ್ 24ರಂದು. ಲೊಂಬಾರ್ದಿ ಆಗ ಆಸ್ಟ್ರಿಯಾದ ಕೈಯಲ್ಲಿ. ಹೊಸ ಸಾಹಿತ್ಯದ ಪರ ನಿಂತಿದ್ದ ‘ಇಲ್ ಕೊಂಚಿಲಿಯಾತೊರೆ’ ಪತ್ರಿಕೆ 1819ರಲ್ಲೇ ಮುಚ್ಚಿತ್ತು. ಅದರ ಬರಹಗಾರ ಸಿಲ್ವಿಯೊ ಪೆಲ್ಲಿಕೊ ಸೆರೆಯಲ್ಲಿದ್ದ. 1821ರ ಮಾರ್ಚ್‌ನಲ್ಲಿ ಪಿಯೆಮೊಂಟಿನ ಬಂಡಾಯಕ್ಕೆ ಮನಸೋತು ಬರೆದ ಪದ್ಯವನ್ನು ಮಾಂಜೋನಿ 1848ರವರೆಗೆ ಅಚ್ಚು ಮಾಡಿಸಲಿಲ್ಲ. ಊರು ಬಿಟ್ಟು ಹಳ್ಳಿಗೆ ಬಂದವನ ಕೈಯಲ್ಲಿದ್ದದ್ದು ಮುಖ್ಯವಾಗಿ ಎರಡು ಪುಸ್ತಕ: ಹದಿನೇಳನೇ ಶತಮಾನದಲ್ಲಿ ಜೂಸೆಪ್ಪೆ ರಿಪಾಮೊಂತಿ ಲ್ಯಾಟಿನ್ನಿನಲ್ಲಿ ಬರೆದ ಮಿಲಾನಿನ ಇತಿಹಾಸ, ಮತ್ತು ಮೆಲ್ಕಿಯೊರ್ರೆ ಜೊಯಾ ಎಂಬ ಅರ್ಥಶಾಸ್ತ್ರಜ್ಞನ ಗ್ರಂಥ. ಈ ಎರಡನೆಯದರಲ್ಲಿ ಸ್ಪೇನಿನ ಗವರ್ನರುಗಳು ಹೊರಡಿಸಿದ ಹಳೆಯ ಫರ್ಮಾನುಗಳ ಉಲ್ಲೇಖವಿತ್ತು. ವಾಲ್ಟರ್ ಸ್ಕಾಟ್‌ನಿಂದ ಕಾದಂಬರಿಯ ಚೌಕಟ್ಟು ಬಂತು. ಒಳಗಿನ ಸರಕು ಬಂದದ್ದು ಈ ಕಾಗದಗಳಿಂದ.

ಫರ್ಮಾನುಗಳ ಪುಟಗಳು ನನ್ನಂಥ ನೌಕರನಿಗೆ ಹೇಳಿ ಮಾಡಿಸಿದಂತಿವೆ. ಧಣಿಗಳು ಸಾಕಿಕೊಂಡಿದ್ದ ಬಾಡಿಗೆ ಪುಂಡರನ್ನು ಹತ್ತಿಕ್ಕಲು 1583ರಲ್ಲಿ ಒಂದು ಆಜ್ಞೆ ಬಂತು. 1584ರಲ್ಲಿ ಇನ್ನೊಂದು. ಆಮೇಲೆ 1593, 1598, 1600, 1612, 1618, 1627. ಒಂದಕ್ಕಿಂತ ಒಂದು ಕಠಿಣ, ಒಂದಕ್ಕಿಂತ ಒಂದು ಉದ್ದ. ಮಾಂಜೋನಿ ಇವನ್ನು ತೇದಿ, ಗವರ್ನರರ ಬಿರುದಾವಳಿ ಸಮೇತ ಸಾಲಾಗಿ ಕೊಡುತ್ತಾನೆ. ಕೊನೆಯ ಆಜ್ಞೆ ಹೊರಟ ಒಂದು ವರ್ಷ, ಒಂದು ತಿಂಗಳು, ಎರಡು ದಿನಕ್ಕೆ ದೋನ್ ಅಬ್ಬೊಂದಿಯೊನ ದಾರಿಯಲ್ಲಿ ಅದೇ ಪುಂಡರು ನಿಂತಿದ್ದಾರೆ. ಸುತ್ತೋಲೆ ಬರೆದೇ ಸಂಬಳ ತೆಗೆದುಕೊಂಡ ನನಗೆ ಗೊತ್ತು: ಒಂದೇ ವಿಷಯಕ್ಕೆ ನಾಲ್ಕನೇ ಸುತ್ತೋಲೆ ಹೊರಟಿದೆ ಎಂದರೆ ಮೊದಲ ಮೂರನ್ನು ಯಾರೂ ಲೆಕ್ಕಕ್ಕೆ ಇಟ್ಟಿಲ್ಲ. ನ್ಯಾಯ ಕೇಳಲು ರೆಂಜೊ ನಾಲ್ಕು ಹುಂಜ ಹಿಡಿದುಕೊಂಡು ಲಾಯರ ಮನೆಗೆ ಹೋಗುತ್ತಾನೆ. ಮದುವೆ ಮಾಡಿಸದಂತೆ ಪಾದ್ರಿಯನ್ನು ಬೆದರಿಸಿದರೆ ಏನು ಶಿಕ್ಷೆ ಎಂದು 1627ರ ಫರ್ಮಾನಿನಲ್ಲಿ ಸ್ಪಷ್ಟವಾಗಿ ಬರೆದಿದೆ. ಲಾಯರು ಅದನ್ನು ತೆಗೆದು ಓದುತ್ತಾನೆ ಕೂಡ. ಬಂದಿರುವವನೇ ಬೆದರಿಸಿದ ಪುಂಡನೆಂದು ತಿಳಿದು, ತಪ್ಪಿಸಿಕೊಳ್ಳುವ ದಾರಿ ಹೇಳಿಕೊಡಲು ಹೊರಟಿದ್ದಾನೆ! ದೋನ್ ರೊದ್ರಿಗೊನ ಹೆಸರು ಕಿವಿಗೆ ಬಿದ್ದದ್ದೇ ತಡ, ಹುಂಜಗಳನ್ನು ವಾಪಸು ಕೊಡಿಸಿ ಹುಡುಗನನ್ನು ಆಚೆಗೆ ದಬ್ಬುತ್ತಾನೆ. ಕಾಗದದ ಮೇಲೆ ಕಾನೂನಿಗೆ ಕೊರತೆಯಿರಲಿಲ್ಲ.

ಮಿಲಾನಿನ ರೊಟ್ಟಿಯ ಗಲಭೆಯಲ್ಲೂ ಇದೇ ನೋಟ. ಎರಡು ವರ್ಷ ಸಾಲಾಗಿ ಬೆಳೆ ಕೆಟ್ಟಿತ್ತು, ಯುದ್ಧ ನಡೆಯುತ್ತಿತ್ತು, ಧಾನ್ಯದ ಬೆಲೆ ಏರಿತ್ತು. ಗವರ್ನರ್ ಮುತ್ತಿಗೆಗೆ ಹೋಗಿದ್ದಾಗ ಅವನ ಸ್ಥಾನದಲ್ಲಿದ್ದ ಫೆರ್ರೆರ್ ರೊಟ್ಟಿಗೆ ಬೆಲೆ ಕಟ್ಟಿದ. ಒಂದು ಮೊಜ್ಜೊ ಗೋಧಿ 33 ಲೀರಾಗೆ ಸಿಗುವಂತಿದ್ದರೆ ನ್ಯಾಯವಾಗುತ್ತಿದ್ದ ಬೆಲೆ ಅದು. ಪೇಟೆಯಲ್ಲಿ ಗೋಧಿ 80ರವರೆಗೂ ಹೋಗಿತ್ತು. ಬೇಕರಿಯವರು ಹಗಲೂ ರಾತ್ರಿ ಸುಟ್ಟು ನಷ್ಟಕ್ಕೆ ಮಾರಿದರು. ಕೊನೆಗೆ ಬೆಲೆ ಮತ್ತೆ ಏರಿಸಬೇಕಾಯಿತು. 1628ರ ನವೆಂಬರ್ 11ರಂದು ಜನ ಬೇಕರಿಗಳಿಗೆ ನುಗ್ಗಿದರು, ಹಿಟ್ಟು ಸೂರೆಹೋಯಿತು, ಒಲೆಯ ಮರಮುಟ್ಟು ಬೀದಿಯಲ್ಲಿ ಉರಿಯಿತು. ಹಸಿದವರ ಸಿಟ್ಟನ್ನು ಮಾಂಜೋನಿ ಅಲ್ಲಗಳೆಯುವುದಿಲ್ಲ. ಹಾಗೆಂದು ಬೇಕರಿ ಸುಟ್ಟರೆ ರೊಟ್ಟಿ ಸಿಗುವುದಿಲ್ಲ ಎಂದು ಹೇಳುವುದನ್ನೂ ಬಿಡುವುದಿಲ್ಲ. ಊರು ಬಿಟ್ಟು ಮಿಲಾನಿಗೆ ಬಂದು ಆ ಗಲಾಟೆಯಲ್ಲಿ ಸಿಕ್ಕಿಬಿದ್ದ ರೆಂಜೊ ಹೆಂಡದಂಗಡಿಯಲ್ಲಿ ನಾಲಗೆ ಹರಿಬಿಟ್ಟು ಪೊಲೀಸರ ಪಟ್ಟಿಗೆ ಸೇರಿ, ಅಡ್ಡಾ ನದಿ ದಾಟಿ ಬೆರ್ಗಮೊಗೆ ಓಡುತ್ತಾನೆ.

ಇನ್ನು ಪ್ಲೇಗ್. 1629ರಲ್ಲಿ ಮಾಂತುವಾದ ಉತ್ತರಾಧಿಕಾರದ ಯುದ್ಧಕ್ಕೆ ಹೊರಟ ಜರ್ಮನ್ ಬಾಡಿಗೆ ಸೈನ್ಯ ಲೊಂಬಾರ್ದಿಯನ್ನು ಹಾದುಹೋಯಿತು. ಹಿಂದೆಯೇ ಸೋಂಕು ಬಂತು. ವೈದ್ಯರ ಎಚ್ಚರಿಕೆ ಗವರ್ನರನ ಮೇಜು ತಲುಪಿದ ಹೊತ್ತಿಗೆ ಸ್ಪೇನಿನಲ್ಲಿ ರಾಜಕುಮಾರ ಹುಟ್ಟಿದ್ದ. ನವೆಂಬರ್ 18ರಂದು ಹೊರಟ ಆಜ್ಞೆ, ಸಾರ್ವಜನಿಕ ಸಂಭ್ರಮಾಚರಣೆಗೆ! ಪ್ಲೇಗ್ ಎಂದು ಮೊದಲೇ ಹೇಳಿದ ಲೊದೊವಿಕೊ ಸೆತ್ತಾಲ ಎಂಬತ್ತರ ಹತ್ತಿರದ ಹೆಸರಾಂತ ವೈದ್ಯ. ಜನ ಅವನ ಪಲ್ಲಕ್ಕಿಗೆ ಮುತ್ತಿದರು, ಜೀವ ಉಳಿದದ್ದೇ ಹೆಚ್ಚು. ಇದೇ ಸೆತ್ತಾಲ ಹಿಂದೊಮ್ಮೆ ಬಡ ಹೆಂಗಸೊಬ್ಬಳನ್ನು ಮಾಟಗಾತಿಯೆಂದು ಸುಡಲು ತನ್ನ ವೈದ್ಯಕೀಯ ಅಭಿಪ್ರಾಯ ಕೊಟ್ಟಿದ್ದ ಎಂದು ಮಾಂಜೋನಿ ಅದೇ ಉಸಿರಿನಲ್ಲಿ ಹೇಳುತ್ತಾನೆ. ಒಳ್ಳೆಯವನು ಎಂದಮಾತ್ರಕ್ಕೆ ಲೆಕ್ಕ ಚುಕ್ತಾ ಆಗುವುದಿಲ್ಲ. ಇಗರ್ಜಿಯ ಬಗ್ಗೆಯೂ ಹಾಗೇ. ಕಾರ್ಡಿನಲ್ ಫೆದೆರಿಗೊ ಬೊರ್ರೊಮೆಯೊ ಅವನಿಗೆ ತೀರ ಮೆಚ್ಚಿನವನು, ಅಂಬ್ರೊಸಿಯಾನ ಪುಸ್ತಕ ಭಂಡಾರ ಕಟ್ಟಿದವನು. ಆದರೆ 1630ರ ಜೂನ್ 11ರಂದು ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿ ಸಂತ ಕಾರ್ಲೊನ ದೇಹದ ಮೆರವಣಿಗೆ ಮಾಡಿಸಿದವನೂ ಅವನೇ. ಮರುದಿನದಿಂದಲೇ ಸಾವು ಏರಿತು. ಜನ ಗುಂಪುಗೂಡಿದ್ದೇ ಕಾರಣ ಎಂದು ಯಾರೂ ಹೇಳಲಿಲ್ಲ. ಗುಂಪಿನಲ್ಲಿ ವಿಷ ಬಳಿಯುವವರು ನುಸುಳಿದ್ದರು ಎಂದರು. ಆ ಬೇಸಿಗೆಗೆ ಮಿಲಾನಿನ ಅರ್ಧದಷ್ಟು ಜನ ಹೋದರು.

ವಿಷ ಬಳಿಯುವವರ ಈ ಕಥೆಯೇ ಮಾಂಜೋನಿಯ ಇನ್ನೊಂದು ಪುಸ್ತಕ, ‘ಸ್ತೊರಿಯಾ ದೆಲ್ಲಾ ಕೊಲೊನ್ನಾ ಇನ್ಫಾಮೆ’, ಕಳಂಕದ ಕಂಬದ ಇತಿಹಾಸ. ಅದರಲ್ಲಿ ಕಲ್ಪನೆಯ ಪಾತ್ರ ಒಂದೂ ಇಲ್ಲ. 1630ರ ಜೂನ್ 21ರ ಬೆಳಗಿನ ಜಾವ ಮಳೆ ಬರುತ್ತಿತ್ತು. ಕತೆರೀನಾ ರೊಸಾ ಎಂಬಾಕೆ ಕಿಟಕಿಯಿಂದ ನೋಡಿದಾಗ ಒಬ್ಬ ಮನುಷ್ಯ ಗೋಡೆ ಒತ್ತಿಕೊಂಡು, ಗೋಡೆಗೆ ಕೈ ಸವರುತ್ತ ನಡೆದ. ಆತ ಆರೋಗ್ಯ ಇಲಾಖೆಯ ನೌಕರ ಗುಲ್ಯೆಲ್ಮೊ ಪಿಯಾತ್ಸಾ. ಬೆರಳಿನ ಶಾಯಿ ಒರೆಸಿಕೊಂಡಿರಬೇಕು, ಮಳೆಗೆ ಸೂರಿನಡಿ ಸರಿದಿರಬೇಕು. ಸಂಜೆಗೆ ಊರೆಲ್ಲ ಗುಲ್ಲು. ಹಿಡಿದು ಹಿಂಸಿಸಿದರು, ಅವನು ಬಾಯಿ ಬಿಡಲಿಲ್ಲ. ಸತ್ಯ ಹೇಳಿದರೆ ಬಿಡುಗಡೆ ಎಂದು ಆಸೆ ತೋರಿಸಿದರು. ಆಗ ಅವನು ಕ್ಷೌರಿಕ ಜಾನ್ ಜಾಕೊಮೊ ಮೊರಾನ ಹೆಸರು ಹೇಳಿದ. ಮೊರಾ ಪ್ಲೇಗ್ ತಾಗದಂತೆ ಹಚ್ಚಿಕೊಳ್ಳುವ ಮುಲಾಮು ಮಾಡುತ್ತಿದ್ದವನು, ಪಿಯಾತ್ಸಾನಿಗೂ ಕೊಡುತ್ತೇನೆಂದಿದ್ದ. ಅವನ ಅಂಗಳದಲ್ಲಿ ಬಟ್ಟೆ ಒಗೆಯುವ ಬೂದಿನೀರಿನ ತೊಟ್ಟಿ ಸಿಕ್ಕಿತು. ಅದೇ ವಿಷ ಎಂದರು. ಮೊರಾ ಹಿಂಸೆ ತಾಳದೆ, ಏನು ಹೇಳಬೇಕೆಂದು ನೀವೇ ಹೇಳಿ ಎಂಬ ಸ್ಥಿತಿಗೆ ಬಂದ. ಆಗಸ್ಟ್ 1ರಂದು ಇಬ್ಬರನ್ನೂ ಕಾದ ಇಕ್ಕಳದಿಂದ ಕಿತ್ತು, ಬಲಗೈ ಕಡಿದು, ಚಕ್ರಕ್ಕೆ ಕಟ್ಟಿ ಕೊಂದರು. ಮೊರಾನ ಮನೆ ಕೆಡವಿ ಆ ಜಾಗದಲ್ಲಿ ಕಂಬ ನೆಟ್ಟರು. ಅದು 1778ರವರೆಗೂ ನಿಂತಿತ್ತು. ಅದರ ಶಾಸನದ ಕಲ್ಲು ಈಗ ಮಿಲಾನಿನ ಸ್ಫೊರ್ತ್ಸೆಸ್ಕೊ ಕೋಟೆಯಲ್ಲಿದೆ. ಆ ಬೀದಿಗೆ ಇಂದು ಮೊರಾನದೇ ಹೆಸರು.

ಇದೇ ಪ್ರಕರಣದಲ್ಲಿ ಸಿಕ್ಕಿಬಿದ್ದ ಇನ್ನೊಬ್ಬ ಪದಿಲ್ಯಾ, ಕೋಟೆಯ ಅಧಿಕಾರಿಯ ಮಗ. ಅವನ ಪರವಾಗಿ ವಾದಿಸಲು ವಕೀಲರು ವಿಚಾರಣೆಯ ಕಾಗದಗಳನ್ನು ಅಚ್ಚು ಹಾಕಿಸಿದರು. ಅವನು ಬಿಡುಗಡೆಯಾದ. ಕ್ಷೌರಿಕನ ಕಥೆ ನಮಗೆ ತಿಳಿದಿರುವುದು ಈ ದೊಡ್ಡ ಮನೆಯ ಹುಡುಗನ ಕಡತದ ದೆಸೆಯಿಂದ.

ಪಿಯೆತ್ರೊ ವೆರ್ರಿ 1777ರಲ್ಲಿ ಈ ಕಡತವನ್ನೇ ಹಿಡಿದು ಚಿತ್ರಹಿಂಸೆ ಎಂಥ ಕೆಟ್ಟ ಪದ್ಧತಿ ಎಂದು ತೋರಿಸಿದ್ದ. ತಮ್ಮನ ಮಗನ ಸ್ಥಾನದಲ್ಲಿರುವ ಮಾಂಜೋನಿ ಅಲ್ಲಿಗೆ ನಿಲ್ಲಲಿಲ್ಲ. ಪದ್ಧತಿ ಕೆಟ್ಟದ್ದು, ನಿಜ. ಆದರೆ ಆ ಪದ್ಧತಿಗೂ ಒಂದು ಕಟ್ಟುಪಾಡಿತ್ತು. ಯಾವ ಸಾಕ್ಷ್ಯವಿದ್ದರೆ ಹಿಂಸೆ ಕೊಡಬಹುದು, ಯಾವುದಕ್ಕೆ ಕೂಡದು ಎಂದು ಅಂದಿನ ಕಾನೂನು ಪಂಡಿತರೇ ಬರೆದಿಟ್ಟಿದ್ದರು. ಈ ನ್ಯಾಯಾಧೀಶರು ಅದನ್ನೂ ಮುರಿದರು. ಬಿಡುಗಡೆಯ ಆಸೆ ತೋರಿಸಿದ್ದನ್ನು ಕಡತದಲ್ಲಿ ಮುಚ್ಚಿಟ್ಟರು. ಅಂದಿನ ಕಾನೂನು, ಅಂದಿನ ಬುದ್ಧಿ ಎರಡರಿಂದಲೂ ನಿರಪರಾಧಿಗಳನ್ನು ಗುರುತಿಸಬಹುದಿತ್ತು. ಗುರುತಿಸಲು ಅವರಿಗೆ ಮನಸ್ಸಿರಲಿಲ್ಲ. ಬೀದಿಯ ಸಿಟ್ಟಿಗೆ ಹೆದರಿದರು. ‘ಆ ಕಾಲವೇ ಹಾಗಿತ್ತು ಬಿಡಿ’ ಎಂದು ನಾವು ಎಷ್ಟು ಸಲೀಸಾಗಿ ಅನ್ನುತ್ತೇವೆ! ಹಾಗೆಂದರೆ ಕೊಂದವರೂ ಪಾರು, ನಾಳೆ ಕೊಲ್ಲುವವರಿಗೂ ಒಂದು ನೆಪ. ಮಾಂಜೋನಿಯ ಇಡೀ ಬರವಣಿಗೆಯ ಬೆನ್ನೆಲುಬು ಇದು ಎಂದು ನನ್ನ ತೀರ್ಮಾನ. 1842ರಲ್ಲಿ ಕಾದಂಬರಿಯ ಅಂತಿಮ ಮುದ್ರಣದ ಜೊತೆಗೇ ಇದನ್ನು ಕಟ್ಟಿ ಕೊಟ್ಟ. ಮದುವೆಯಲ್ಲಿ ಮುಗಿದ ಕಥೆಯ ಹಿಂದೆಯೇ ಕಳಂಕದ ಕಂಬದ ಕಥೆ ಬೇಕೆಂದು ಯಾವ ಓದುಗ ಕೇಳಿದ್ದ? ಅಂದಿನವರಿಗೆ ರುಚಿಸಲಿಲ್ಲ. ಇಪ್ಪತ್ತನೇ ಶತಮಾನದಲ್ಲಿ ಸಿಸಿಲಿಯ ಲೇಖಕ ಲಿಯೊನಾರ್ದೊ ಶಾಶಾ ಬಂದು ಅದನ್ನು ಮತ್ತೆ ಎತ್ತಿ ಹಿಡಿಯಬೇಕಾಯಿತು.

ಕಾದಂಬರಿ ಮೊದಲು ಅಚ್ಚಾದದ್ದು 1827ರಲ್ಲಿ, ಮೂರು ಸಂಪುಟಗಳಲ್ಲಿ. ಕೈಯಿಂದ ಕೈಗೆ ಹೋಯಿತು. ಆದರೆ ಬರೆದವನಿಗೆ ತನ್ನ ಭಾಷೆ ಸಮಾಧಾನ ತರಲಿಲ್ಲ. ಮನೆಯಲ್ಲಿ ಮಿಲಾನಿನ ಆಡುನುಡಿ, ಗೆಳೆಯರಿಗೆ ಫ್ರೆಂಚ್, ಬರೆಯಲು ಪುಸ್ತಕದ ಇಟಾಲಿಯನ್. ಮೂರೂ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಅದೇ ಬೇಸಿಗೆ ಸಂಸಾರ ಸಮೇತ ಫ್ಲಾರೆನ್ಸಿಗೆ ಹೋಗಿ ಅಲ್ಲಿಯ ಓದುಬರಹ ಬಲ್ಲವರು ಮನೆಯಲ್ಲಿ ಆಡುವ ಮಾತಿಗೆ ಕಿವಿಗೊಟ್ಟ. ಅರ್ನೊ ನದಿಯಲ್ಲಿ ಬಟ್ಟೆ ಜಾಲಿಸಿಕೊಂಡು ಬಂದ ಎಂದು ಇಟಲಿಯವರು ಇವತ್ತಿಗೂ ಹೇಳುವುದು ಈ ಕೆಲಸಕ್ಕೆ. ಎಮಿಲಿಯಾ ಲೂತಿ ಎಂಬ ಫ್ಲಾರೆನ್ಸಿನ ಹೆಣ್ಣುಮಗಳು ಸಾಲುಸಾಲನ್ನೂ ತಿದ್ದಲು ನೆರವಾದಳು. 1840ರಿಂದ 1842ರವರೆಗೆ, ಫ್ರಾಂಚೆಸ್ಕೊ ಗೊನಿನ್ ಬರೆದ ನೂರಾರು ಚಿತ್ರಗಳೊಂದಿಗೆ, ಹೊಸ ಪಠ್ಯ 108 ಕಂತುಗಳಲ್ಲಿ ಬಂತು. ಕಳ್ಳ ಮುದ್ರಣದವರ ಹಾವಳಿ ತಡೆಯಲು ಸ್ವಂತ ಹಣ ಹಾಕಿ, 10,000 ಪ್ರತಿಗಳ ಲೆಕ್ಕದಲ್ಲಿ ಕೈಹಾಕಿದ. ಅರ್ಧವೂ ಖರ್ಚಾಗಲಿಲ್ಲ, ನಷ್ಟವಾಯಿತು. ಫ್ಲಾರೆನ್ಸಿನ ಪ್ರಕಾಶಕ ಲೆ ಮೊನ್ನಿಯೆರ್ 1845ರಲ್ಲಿ ಹಳೆಯ ಪಠ್ಯವನ್ನು ಅಪ್ಪಣೆಯಿಲ್ಲದೆ ಅಚ್ಚು ಹಾಕಿದ್ದಕ್ಕೆ ನಡೆದ ವ್ಯಾಜ್ಯ ಇಟಲಿಯ ಗ್ರಂಥಸ್ವಾಮ್ಯದ ಚರಿತ್ರೆಯಲ್ಲಿ ದೊಡ್ಡ ಹೆಸರು. ಮಾಂಜೋನಿ ಗೆದ್ದ.

ಮನೆಯೊಳಗೆ ಸಾವು ಸಾಲುಗಟ್ಟಿತ್ತು. 1833ರ ಕ್ರಿಸ್‌ಮಸ್ ದಿನ ಎನ್ರಿಕೆತ್ತಾ ಹೋದಳು. ಅದರ ಮೇಲೆ ಬರೆಯತೊಡಗಿದ ಪದ್ಯವನ್ನು ಮುಗಿಸಲು ಅವನಿಗೆ ಕೈ ಬರಲಿಲ್ಲ. ಮರುವರ್ಷ ಹಿರಿಮಗಳು ಜೂಲಿಯಾ. ಅವಳ ಗಂಡ ಮಾಸ್ಸಿಮೊ ದಾತ್ಸೆಲ್ಯೊ ಕೂಡ ಐತಿಹಾಸಿಕ ಕಾದಂಬರಿಕಾರ, ಮುಂದೆ ಪಿಯೆಮೊಂಟಿನ ಪ್ರಧಾನಿ. ಹುಟ್ಟಿದ ಹತ್ತು ಮಕ್ಕಳಲ್ಲಿ ತಂದೆಗಿಂತ ಹೆಚ್ಚು ಬದುಕಿದವರು ಇಬ್ಬರೇ. ಕೊನೆಯ ಮಗಳು ಮತಿಲ್ದೆ ಟಸ್ಕನಿಯಲ್ಲಿ ಕ್ಷಯದಿಂದ ಮಲಗಿ, ಒಮ್ಮೆ ಬಂದು ಹೋಗಿ ಎಂದು ಬರೆಯುತ್ತಿದ್ದಳು. ಬರುತ್ತೇನೆ ಎಂದು ತಂದೆಯೂ ಬರೆಯುತ್ತಿದ್ದ. 1856ರಲ್ಲಿ ಅವಳು ಸಾಯುವ ಮುನ್ನ ಅವನು ತಲುಪಲಿಲ್ಲ. ನತಾಲಿಯಾ ಗಿನ್ಸ್‌ಬುರ್ಗ್ 1983ರಲ್ಲಿ ಈ ಕುಟುಂಬದ ಪತ್ರಗಳನ್ನು ಜೋಡಿಸಿ ಬರೆದ ಪುಸ್ತಕ ಓದಿದರೆ, ಊರಿನವರ ಲೆಕ್ಕ ಅಷ್ಟು ಕಟ್ಟುನಿಟ್ಟಾಗಿ ಕೇಳಿದವನ ಮನೆಯ ಲೆಕ್ಕ ಬೇರೆಯೇ ಇತ್ತು ಅನ್ನಿಸುತ್ತದೆ.

ಅವನ ಬಗ್ಗೆ ಇನ್ನೊಂದು ತಕರಾರು ಮಾರ್ಕ್ಸ್‌ವಾದಿ ಚಿಂತಕ ಅಂತೋನಿಯೊ ಗ್ರಾಮ್ಷಿಯದು. ಸೆರೆಮನೆಯ ಟಿಪ್ಪಣಿಗಳಲ್ಲಿ ಆತ ಹೇಳುವುದು, ಮಾಂಜೋನಿ ಬಡವರನ್ನು ಕನಿಕರದಿಂದ ನೋಡುತ್ತಾನೆಯೇ ಹೊರತು ಅವರಿಗೆ ಒಳಬಾಳು ಕೊಡುವುದಿಲ್ಲ ಎಂದು. ನನ್ನ ಕಸುಬಿನ ಕಡೆಯಿಂದ ನಾನೂ ಒಂದು ಮಾತು ಸೇರಿಸಬಲ್ಲೆ. ಗೋಧಿಯ ಬೆಲೆ ಗೊತ್ತಿದ್ದ ಅವನಿಗೆ ಬಿಚ್ಚಾಣಿಕೆಯ ಬೋಗುಣಿ ಗೊತ್ತಿರಲಿಲ್ಲ. ಲೂಚಿಯಾ ದಿನವಿಡೀ ಕುದಿನೀರಿನಲ್ಲಿ ಬೆರಳಿಟ್ಟು ಎಳೆ ಹುಡುಕಿದವಳು. ಅಂಥವರ ಬೆರಳ ತುದಿ ಬಿಳುಚಿ ಸುಲಿದಿರುತ್ತದೆ, ಸೆರಗಿಗೆಲ್ಲ ಬೆಂದ ಹುಳುವಿನ ವಾಸನೆ ಅಂಟಿರುತ್ತದೆ. ಆ ಕೈ ಇಷ್ಟು ದೊಡ್ಡ ಕಾದಂಬರಿಯಲ್ಲಿ ಎಲ್ಲಿಯೂ ಇಲ್ಲ. ಹಿಪ್ಪುನೇರಳೆ ನೆಟ್ಟವನ ಕಣ್ಣಿಗೂ ನೂಲು ಬಿಚ್ಚುವವಳ ಕಣ್ಣಿಗೂ ಅಷ್ಟು ದೂರ.

ಆ ಸೀಮೆಯ ರೇಷ್ಮೆಗೆ ನಮ್ಮ ಸೀಮೆಯ ನಂಟೂ ಇದೆ. 1850ರ ದಶಕದಿಂದ ಗಂಟುರೋಗ ಇಟಲಿ, ಫ್ರಾನ್ಸಿನ ಹುಳು ಸಾಕಣೆಯನ್ನು ನೆಲಕಚ್ಚಿಸಿತು. ರೋಗವಿಲ್ಲದ ಮೊಟ್ಟೆ ಹುಡುಕಿಕೊಂಡು ಇಟಲಿಯವರು ಏಷ್ಯಾದ ಉದ್ದಗಲಕ್ಕೂ ಅಲೆದರು. 1860ರ ದಶಕದಲ್ಲಿ, ಮಾಂಜೋನಿ ಇನ್ನೂ ಬದುಕಿದ್ದಾಗಲೇ, ಸಿನ್ಯೋರ್ ದೆ ವೆಕ್ಕಿ ಎಂಬ ಇಟಲಿಯವನು ಮೈಸೂರು ಸೀಮೆಗೆ ಜಪಾನಿನ ಮೊಟ್ಟೆ ತರಿಸಿ, ಕೆಂಗೇರಿಯಲ್ಲಿ ಉಗಿಯಿಂದ ನಡೆಯುವ ಫಿಲೇಚರ್, ಅಂದರೆ ನೂಲು ಬಿಚ್ಚುವ ಕಾರ್ಖಾನೆ, ಹಾಕಿದ. ಮುಂದೆ ಮೈಸೂರು ಸರ್ಕಾರ ವಾಷಿಂಗ್ಟನ್ ಮಾರಿ ಎಂಬ ಇಟಲಿಯ ತಜ್ಞನನ್ನು ಕರೆಸಿಕೊಂಡಿತು.

ಮಾಂಜೋನಿಯ ಬದುಕಿನ ವಿಚಿತ್ರ ತಿರುವು 1850ರದು. ಕಾದಂಬರಿಯ ಯುದ್ಧ, ಬರ, ಪ್ಲೇಗಿನ ಭಾಗಗಳಲ್ಲಿ ಇತಿಹಾಸಕಾರ ಕವಿಯ ಮೇಲೆ ಸವಾರಿ ಮಾಡಿದ್ದಾನೆ ಎಂದು ಗಯಟೆ 1827ರಲ್ಲೇ ಗೊಣಗಿದ್ದ. ಮಾಂಜೋನಿಗೆ ಚುಚ್ಚಿದ್ದು ಅದರ ಇನ್ನೊಂದು ಮಗ್ಗುಲು. ಓದುಗನಿಗೆ ನಡೆದದ್ದು ಯಾವುದು, ಕಟ್ಟಿದ್ದು ಯಾವುದು ಎಂದು ಗೊತ್ತಾಗಬೇಕು. ಗೊತ್ತು ಮಾಡಿಸಿದರೆ ಕಥೆ ಒಡೆಯುತ್ತದೆ, ಬೆರೆಸಿಬಿಟ್ಟರೆ ಇತಿಹಾಸ ಕೆಡುತ್ತದೆ. ಆದ್ದರಿಂದ ಐತಿಹಾಸಿಕ ಕಾದಂಬರಿ ಎಂಬ ಪ್ರಕಾರವೇ ನಿಲ್ಲದು ಎಂದು ದೀರ್ಘ ಪ್ರಬಂಧ ಬರೆದು ಪ್ರಕಟಿಸಿದ. ಯೂರೋಪಿನಲ್ಲಿ ಆ ಪ್ರಕಾರಕ್ಕೆ ಕೀರ್ತಿ ತಂದವನೇ ಹೀಗೆಂದ! ಎರಡನೇ ಕಾದಂಬರಿಯನ್ನು ಅವನು ಬರೆಯಲೇ ಇಲ್ಲ.

1860ರಲ್ಲಿ ಸೆನೆಟ್ ಸದಸ್ಯನಾದ. ಒಂದಾದ ಇಟಲಿಗೆ ಮತ ಹಾಕಿದ. ದೇಶ ಒಂದಾದರೂ ಜನರಲ್ಲಿ ಮುಕ್ಕಾಲು ಪಾಲಿಗೆ ಓದು ಬರುತ್ತಿರಲಿಲ್ಲ, ಊರಿಗೊಂದು ನುಡಿ. 1868ರಲ್ಲಿ ಮಂತ್ರಿಗಾಗಿ ಬರೆದ ವರದಿಯಲ್ಲಿ ಫ್ಲಾರೆನ್ಸಿನ ಆಡುಮಾತನ್ನೇ ಶಾಲೆಗಳ ಮೂಲಕ ಎಲ್ಲೆಡೆ ಹರಡಬೇಕೆಂದ. ಭಾಷಾಶಾಸ್ತ್ರಜ್ಞ ಅಸ್ಕೊಲಿ ಇದನ್ನು ಬಲವಾಗಿ ವಿರೋಧಿಸಿದ. ವಾದ ಯಾರು ಗೆದ್ದರೆಂಬುದು ಬೇರೆ ಮಾತು, ಇಟಲಿಯ ಮಕ್ಕಳು ಗದ್ಯ ಕಲಿತದ್ದು ಮಾಂಜೋನಿಯ ಕಾದಂಬರಿಯಿಂದ. 1873ರ ಜನವರಿ 6ರಂದು ಸಾನ್ ಫೆದೆಲೆ ಇಗರ್ಜಿಯ ಮೆಟ್ಟಿಲ ಮೇಲೆ ಬಿದ್ದು ತಲೆಗೆ ಪೆಟ್ಟಾಯಿತು. ಮೇ 22ರಂದು ತೀರಿಕೊಂಡ. ಸರಿಯಾಗಿ ಒಂದು ವರ್ಷಕ್ಕೆ ಸಂಗೀತಕಾರ ವೆರ್ದಿ ಅವನ ನೆನಪಿಗೆ ರಚಿಸಿದ ‘ರಿಕ್ವಿಯೆಮ್’ ಮಿಲಾನಿನ ಸಾನ್ ಮಾರ್ಕೊ ಇಗರ್ಜಿಯಲ್ಲಿ ಮೊದಲ ಬಾರಿ ನಡೆಯಿತು. ಮೊರೊನೆ ಬೀದಿಯ ಅವನ ಮನೆ ಈಗ ವಸ್ತುಸಂಗ್ರಹಾಲಯ.

ಶಾಲೆಯ ಪಠ್ಯವಾಗಿ ಬೇಸರ ಹಿಡಿಸಿದ ಪುಸ್ತಕ ಎಂಬ ಹೆಸರೂ ಇದಕ್ಕಿದೆ. 2020ರ ಫೆಬ್ರವರಿಯಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದಾಗ ಮಿಲಾನಿನ ಪ್ರೌಢಶಾಲೆಯೊಂದರ ಮುಖ್ಯಸ್ಥರು ಮಕ್ಕಳಿಗೆ ಬರೆದ ಪತ್ರದಲ್ಲಿ ನೆನಪಿಸಿದ್ದು ಇದರ 31ನೇ ಅಧ್ಯಾಯವನ್ನು. ವದಂತಿ, ಪರಕೀಯನ ಮೇಲೆ ಅನುಮಾನ, ಅಧಿಕಾರಿಗಳ ಜಗಳ ಎಲ್ಲವೂ ಅಲ್ಲಿ ಆಗಲೇ ಇದೆ ಎಂದರು. ಪತ್ರವನ್ನು ದೇಶವೆಲ್ಲ ಓದಿತು.

ಓದುಗರಲ್ಲಿ ನನ್ನ ಕೋರಿಕೆ, ಈ ಕಾದಂಬರಿ ಕೈಗೆ ಸಿಕ್ಕರೆ ಪ್ಲೇಗಿನ 31, 32ನೇ ಅಧ್ಯಾಯಗಳನ್ನು ಕಥೆಯ ಆತುರಕ್ಕೆ ಹಾರಿಸಬೇಡಿ. ಮುಗಿಸಿದ ಮೇಲೆ ಕಳಂಕದ ಕಂಬದ ಪುಸ್ತಕವನ್ನೂ ಓದಿ, ಸಣ್ಣದು. ಕನ್ನಡದಲ್ಲಿ ಐತಿಹಾಸಿಕ ಕಾದಂಬರಿ ಬರೆಯುವವರಲ್ಲಿ ಇನ್ನೊಂದು ಕೋರಿಕೆ. ಮಾಂಜೋನಿಯ ಹಾಗೆ ಬರೆಯುವುದನ್ನೇ ಬಿಡಬೇಕಿಲ್ಲ. ಪುಸ್ತಕದ ಕೊನೆಗೆ ಎರಡು ಪುಟ ಸೇರಿಸಿ, ಯಾವುದು ಶಾಸನದಿಂದ, ಕಡತದಿಂದ, ಕೈಫಿಯತ್ತಿನಿಂದ ಬಂದದ್ದು, ಯಾವುದು ನೀವು ಕಟ್ಟಿದ್ದು ಎಂದು ತಿಳಿಸಿ. ಸತ್ತವರ ಮೇಲೆ ತಪ್ಪು ಹೊರಿಸುವಾಗಲೂ ತಪ್ಪಿನಿಂದ ಬಿಡಿಸುವಾಗಲೂ ಓದುಗನಿಗೆ ಅಷ್ಟು ಲೆಕ್ಕ ಒಪ್ಪಿಸುವುದು ಬರೆಯುವವರ ಕರ್ತವ್ಯ.